ಲೇನ್ ಮುಗಿಯುವ ಕಡೆ ಮೂಗು ತೂರಿಸುವವರಿಗೆ ದಾರಿ ಬಿಡಬೇಕಾ?

ಬಿಡಿ. ಒಂದು ಗಾಡಿಗೆ ದಾರಿ ಬಿಟ್ಟು ಆಮೇಲೆ ನೀವು ಹೋಗಿ. ನನ್ನ ಉತ್ತರ ಇಷ್ಟೇ. ಆದರೆ ಇಷ್ಟು ಸಲೀಸಾಗಿ ಹೇಳುವುದಕ್ಕೆ ನನಗೆ ವರ್ಷಗಳೇ ಹಿಡಿದವು. ಹಾಗಾಗಿ ಸ್ವಲ್ಪ ಉದ್ದವಾಗುತ್ತದೆ, ಓದಿಕೊಳ್ಳಿ.

ನೀವು ಕೇಳಿರುವುದು ಇದು: ತುಮಕೂರು–ಬೆಂಗಳೂರು ಹೆದ್ದಾರಿಯಲ್ಲಿ ಕಾಮಗಾರಿಗೆಂದು ಒಂದು ಲೇನ್ ಮುಚ್ಚಿರುತ್ತಾರೆ. ನೀವು ಮರ್ಯಾದೆಯಾಗಿ ಸಾಲಿನಲ್ಲಿ ನಿಂತಿರುತ್ತೀರಿ. ಕೆಲವರು ಪಕ್ಕದ ಖಾಲಿ ಲೇನಿನಲ್ಲಿ ಬ್ಯಾರಿಕೇಡ್‌ವರೆಗೂ ಬಂದು ನಿಮ್ಮ ಮುಂದೆ ಮೂಗು ತೂರಿಸುತ್ತಾರೆ. ಮೊನ್ನೆ ಹಾಗೆ ಬಂದವನಿಗೆ ನೀವು ಬಿಡಲಿಲ್ಲ. ಅವನು ಇಳಿದ, ನೀವೂ ಇಳಿದಿರಿ, ಕೊರಳಪಟ್ಟಿ ಹಿಡಿಯುವ ತನಕ ಹೋಯಿತು. ‘ಇಂಥವರಿಗೆಲ್ಲ ಬಿಟ್ಟುಕೊಂಡು ಕೂತರೆ ನಾವೇ ಪೆದ್ದರಲ್ಲವೇ?’

ನಾನೂ ಅದೇ ದಾರಿಯವನು. ಮನೆ ತುಮಕೂರಿನ ಬಟವಾಡಿ ಹತ್ತಿರ, ಕೆಲಸ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶದಲ್ಲಿ. ಹನ್ನೊಂದು ವರ್ಷದಿಂದ ಬೆಳಿಗ್ಗೆ ಅತ್ತ, ಸಂಜೆ ಇತ್ತ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಆರು ಲೇನ್ ಮಾಡುವ ಕೆಲಸ ಶುರುವಾದ ಮೇಲೆ ಇಂದು ಇಲ್ಲಿ ಮುಚ್ಚಿದರು, ನಾಳೆ ಅಲ್ಲಿ ಸರ್ವಿಸ್ ರಸ್ತೆಗೆ ಇಳಿಸಿದರು ಅನ್ನುವ ಪಾಡು. ಪುಣೆ, ಮುಂಬೈ ಕಡೆಯ ಲಾರಿ, ಹಿರೇಹಳ್ಳಿಯ ಷಿಫ್ಟ್ ಬಸ್ಸು, ಎಳನೀರು ತುಂಬಿದ ಪಿಕಪ್ಪು, ನಮ್ಮಂಥವರ ಕಾರು, ಎಲ್ಲವೂ ಒಂದೇ ಕಿರಿದಾದ ಬಾಯಿಯೊಳಗೆ ಹೋಗಬೇಕು.

ಮೊದಲು ಒಂದು ಮಾತು. ಖಾಲಿ ಲೇನಿನಲ್ಲಿ ಕೊನೆಯವರೆಗೂ ಬಂದವನೆಲ್ಲ ಕಳ್ಳನಲ್ಲ. ನಾನು ಬಹಳ ವರ್ಷ ಕಳ್ಳ ಅಂತಲೇ ತಿಳಿದಿದ್ದೆ. ಲೇನ್ ಮುಚ್ಚಿರುವುದು ಬ್ಯಾರಿಕೇಡ್ ಇರುವ ಜಾಗದಲ್ಲಿ. ಅದಕ್ಕಿಂತ ಅರ್ಧ ಕಿಲೋಮೀಟರ್ ಹಿಂದೆಯೇ ನಾವೆಲ್ಲ ಭಯಪಟ್ಟು ಒಂದೇ ಸಾಲಿಗೆ ಬಿದ್ದು, ಇನ್ನೊಂದನ್ನು ಖಾಲಿ ಬಿಟ್ಟರೆ ಅದು ನಮ್ಮ ತೀರ್ಮಾನ, ರಸ್ತೆಯ ನಿಯಮವೇನಲ್ಲ. ಎರಡೂ ಲೇನ್ ಕೊನೆಯವರೆಗೂ ತುಂಬಿಸಿಕೊಂಡು ಬಂದು, ಬಾಯಿಯ ಹತ್ತಿರ ಈ ಕಡೆಯಿಂದೊಂದು, ಆ ಕಡೆಯಿಂದೊಂದು ಹೋಗುವುದೇ ಸರಿಯಾದ ಕ್ರಮ. ಬ್ಯಾಗಿನ ಜಿಪ್ ಎಳೆದಾಗ ಹಲ್ಲು ಕೂಡುತ್ತದಲ್ಲ, ಹಾಗೆ. ಜರ್ಮನಿಯಲ್ಲಿ ಇದನ್ನು ಸಂಚಾರ ಕಾನೂನಿನಲ್ಲೇ ಬರೆದಿಟ್ಟಿದ್ದಾರೆ, ಹೆಸರೇ ‘ಜಿಪ್ ಪದ್ಧತಿ’. ಅಮೆರಿಕದ ಮಿನ್ನೆಸೋಟ ರಾಜ್ಯದ ಸಾರಿಗೆ ಇಲಾಖೆ ಜನರಿಗೆ ಇದನ್ನೇ ಹೇಳಿಕೊಡುತ್ತದೆ. ಹೀಗೆ ಮಾಡಿದರೆ ಸಾಲಿನ ಉದ್ದ ಶೇ 40ರವರೆಗೆ ಕಡಿಮೆಯಾಗುತ್ತದೆ ಅನ್ನುವುದು ಅವರ ಲೆಕ್ಕ.

ಇದರಿಂದ ನೀವು ಬೇಗ ಮನೆ ಸೇರುತ್ತೀರಿ ಅಂತ ನಾನು ಹೇಳುತ್ತಿಲ್ಲ. ಬಾಯಿ ಅಷ್ಟೇ ಇರುವಾಗ ಅದರೊಳಗೆ ಹೋಗುವ ಗಾಡಿಗಳೂ ಹೆಚ್ಚುಕಡಿಮೆ ಅಷ್ಟೇ. ಲಾಭ ಇರುವುದು ಬೇರೆ ಕಡೆ. ಒಂದೇ ಸಾಲು ಒಂದು ಕಿಲೋಮೀಟರ್ ಬೆಳೆದರೆ ಅದರ ಬಾಲ ಹಿಂದಿನ ಅಡ್ಡರಸ್ತೆಗೆ ಹೋಗಿ ಮುಟ್ಟುತ್ತದೆ. ಹೆದ್ದಾರಿಯ ಗೊಡವೆಯೇ ಇಲ್ಲದೆ ಹಳ್ಳಿಯಿಂದ ಬಂದು ಬರೀ ರಸ್ತೆ ದಾಟಬೇಕಾದವನೂ ಸಿಕ್ಕಿಬೀಳುತ್ತಾನೆ. ಎರಡು ಸಾಲಾದರೆ ಬಾಲ ಮೊಟಕಾಗುತ್ತದೆ. ಇನ್ನೊಂದು, ಪಕ್ಕದ ಲೇನಿನವನು ಎಂಬತ್ತರಲ್ಲಿ ಹಾದುಹೋಗುವಾಗ ನಮಗೆ ಉರಿಯುತ್ತದಲ್ಲ, ಇಬ್ಬರೂ ತೆವಳುತ್ತಿದ್ದರೆ ಆ ಉರಿಯೇ ಇರುವುದಿಲ್ಲ.

ಕಳ್ಳರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ನೇರ ಹೋಗುವ ಲೇನಿನಲ್ಲಿ ಓಡಿ ಬಂದು ಬಟವಾಡಿಯಲ್ಲಿ ಊರೊಳಕ್ಕೆ ತಿರುಗುವ ಬಾಯಿಯಲ್ಲಿ ಗಾಡಿ ಓರೆಗೆ ನಿಲ್ಲಿಸಿ, ಹಿಂದೆ ನೇರ ಹೋಗಬೇಕಾದವರನ್ನೆಲ್ಲ ತಡೆಯುವವನು ಕಳ್ಳ. ಹೆದ್ದಾರಿ ಬಿಟ್ಟು ಸರ್ವಿಸ್ ರಸ್ತೆಗೆ ಇಳಿದು ಹತ್ತು ಗಾಡಿ ಹಿಂದೆ ಹಾಕಿ ಮತ್ತೆ ಹತ್ತುವವನು ಕಳ್ಳ. ಮಣ್ಣಿನ ಅಂಚಿನಲ್ಲಿ ಧೂಳೆಬ್ಬಿಸಿಕೊಂಡು ಬರುವವನ ಬಗ್ಗೆ ಹೇಳುವುದೇ ಬೇಡ. ಇವರಿಗೂ ಬಿಡಬೇಕಾ ಎಂದರೆ, ನಾನು ಬಿಡುತ್ತೇನೆ. ಗೌರವದಿಂದಲ್ಲ, ಲೆಕ್ಕ ಹಾಕಿ. ಸಾಲು ಗಂಟೆಗೆ 20 ಕಿ.ಮೀ.ನಲ್ಲಿ ಸಾಗುತ್ತಿದ್ದರೆ ಸೆಕೆಂಡಿಗೆ ಐದೂವರೆ ಮೀಟರ್. ಒಂದು ಕಾರು, ಅದರ ಹಿಂದೆ ಬಿಡುವ ಸಂದು, ಎರಡೂ ಸೇರಿ ಎಂಟು ಮೀಟರ್. ಅಂದರೆ ಒಬ್ಬನನ್ನು ಒಳಗೆ ಬಿಟ್ಟರೆ ನನಗೆ ಆಗುವ ನಷ್ಟ ಒಂದೂವರೆ ಸೆಕೆಂಡು. ನಡಿಗೆಯ ವೇಗದಲ್ಲಿ ತೆವಳುತ್ತಿದ್ದರೂ ಆರು ಸೆಕೆಂಡು. ನಿಮ್ಮ ಮೊನ್ನೆಯ ಜಗಳ ಎಷ್ಟು ಹೊತ್ತು ನಡೆಯಿತು?

ಈ ಲೆಕ್ಕ ನಾನು ಹಾಕಿದ್ದು ಒಂದು ಜೋಡಿ ಎತ್ತಿನಿಂದ.

ಮೂರ್ನಾಲ್ಕು ವರ್ಷದ ಹಿಂದೆ, ಶಿವರಾತ್ರಿಯ ಆಸುಪಾಸು. ಸಿದ್ಧಗಂಗೆಯ ದನಗಳ ಜಾತ್ರೆ ಕಂಡವರಿಗೆ ಗೊತ್ತು, ಆ ದಿನಗಳಲ್ಲಿ ಕ್ಯಾತ್ಸಂದ್ರದ ಸುತ್ತ ಎಲ್ಲಿ ನೋಡಿದರೂ ಟೆಂಪೋ, ಟ್ರ್ಯಾಕ್ಟರಿನಲ್ಲಿ ಎತ್ತುಗಳು, ಹುಲ್ಲಿನ ಹೊರೆ, ಮೇಲೆ ಕೂತ ಮಕ್ಕಳು. ಸಂಜೆ ಆರರ ಹೊತ್ತು, ನಾನು ಕೆಲಸ ಮುಗಿಸಿ ಬರುತ್ತಿದ್ದೆ. ಸರ್ವಿಸ್ ರಸ್ತೆಯಿಂದ ಒಂದು ಟೆಂಪೋ ಇಂಡಿಕೇಟರ್ ಹಾಕಿಕೊಂಡು ಮೆಲ್ಲಗೆ ಮೇಲೆ ಹತ್ತುತ್ತಿತ್ತು. ಬಿಡಬಹುದಿತ್ತು. ಆ ದಿನ ಕೆಲಸದ ಕಡೆ ಏನೋ ಕಿರಿಕಿರಿಯಾಗಿತ್ತು. (ಏನು ಅಂತ ಈಗ ಎಷ್ಟು ನೆನೆಸಿಕೊಂಡರೂ ನೆನಪಾಗುತ್ತಿಲ್ಲ, ಅಷ್ಟು ದೊಡ್ಡ ಕಿರಿಕಿರಿ ಅದು.) ಆಕ್ಸಿಲರೇಟರ್ ಒತ್ತಿ ಸಂದು ಮುಚ್ಚಿದೆ. ಆದರೂ ಅವನು ಹೇಗೋ ಪಕ್ಕಕ್ಕೆ ಬಂದು ಉದ್ದಕ್ಕೆ ಹಾರ್ನ್ ಒತ್ತಿದ. ನನಗೆ ಪಿತ್ತ ನೆತ್ತಿಗೇರಿತು. ಮುಂದೆ ಹೋಗಿ ಕಾರನ್ನು ಅವನ ಮುಂದಕ್ಕೆ ತಂದು, ಪಾಠ ಕಲಿಸುತ್ತೇನೆ ಅಂತ ಬ್ರೇಕ್ ತುಳಿದೆ. ಬೇಕೆಂದೇ ತುಳಿದೆ, ಸುಳ್ಳು ಹೇಳಿ ಪ್ರಯೋಜನವಿಲ್ಲ.

ಟೆಂಪೋ ಕಿರ್ರೆಂದು ನಿಂತಿತು. ಗಾಡಿಗೆ ಗಾಡಿ ತಾಗಲಿಲ್ಲ. ಆದರೆ ಟೆಂಪೋದ ಹಲಗೆಗೆ ಏನೋ ಭಾರವಾದದ್ದು ಧಡ್ ಅಂತ ಬಡಿದ ಸದ್ದು ಗಾಜು ಮುಚ್ಚಿದ್ದ ನನ್ನ ಕಾರಿನೊಳಕ್ಕೂ ಕೇಳಿಸಿತು. ಪಕ್ಕಕ್ಕೆ ಹಾಕಿ ಇಳಿದೆ. ಡ್ರೈವರ್ ಹುಡುಗ ಬಾಯಿಗೆ ಬಂದಂತೆ ಬೈಯುತ್ತಾ ಬಂದ, ನಾನೂ ಎರಡು ಮಾತಿಗೆ ತಯಾರಾಗಿದ್ದೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಅಜ್ಜ ಇಳಿದರು. ನನ್ನ ಕಡೆ ನೋಡಲೂ ಇಲ್ಲ. ಹಲಗೆ ಬಿಚ್ಚಿಸಿ ಒಳಕ್ಕೆ ಹತ್ತಿದರು. ಹಳ್ಳಿಕಾರ್ ಜೋಡಿ, ಕೋಡಿಗೆ ಟೇಪು, ಕೊರಳಿಗೆ ಗಂಟೆ. ಒಂದು ಮುಗ್ಗರಿಸಿ ಮಂಡಿಯೂರಿಬಿಟ್ಟಿತ್ತು. ಅಜ್ಜ ಅದರ ಬೆನ್ನು ಚಪ್ಪರಿಸಿ ಎಬ್ಬಿಸಿದರು. ಮಂಡಿಯ ಮೇಲಿನ ಹುಲ್ಲು ಒರೆಸಿ, ಟವೆಲ್ ಒದ್ದೆ ಮಾಡಿಸಿ ಒತ್ತಿದರು. ಅಂಗೈ ಅಗಲ ಚರ್ಮ ತರಚಿತ್ತು.

‘ನಿಮ್ ಕಾರಿಗಾದ್ರೆ ಬ್ರೇಕ್ ಐತೆ ಸ್ವಾಮಿ, ಇವುಕ್ಕೆ ಕಾಲು ಅಷ್ಟೇಯ.’

ಹುಡುಗನ ಬೈಗುಳಕ್ಕೆ ನನ್ನ ಹತ್ತಿರ ಉತ್ತರವಿತ್ತು, ಇದಕ್ಕೆ ಇರಲಿಲ್ಲ. ಔಷಧಿಗೆ ಅಂತ ಜೇಬಿಗೆ ಕೈ ಹಾಕಿದೆ. ಅಜ್ಜ ಬೇಡ ಅಂದರು. ‘ದುಡ್ ಬುಡಿ. ನಾಳೆ ಗಿರಾಕಿ ಬಂದ್ರೆ ಮೊದ್ಲು ನೋಡಾದೇ ಮಂಡಿ.’ ಹಲಗೆ ಕಟ್ಟಿಕೊಂಡು ಹೋದರು. ಆ ಜೋಡಿ ಏನು ಬೆಲೆಗೆ ಹೋಯಿತು, ಮಾರಿತೋ ಇಲ್ಲವೋ, ನನಗೆ ಗೊತ್ತಾಗಲಿಲ್ಲ. ಮಾರನೆಯ ದಿನ ಜಾತ್ರೆಗೆ ಹೋಗಿ ಹುಡುಕೋಣ ಅನ್ನಿಸಿತ್ತು. ಹೋಗಲಿಲ್ಲ. ಯಾವ ಮುಖ ಹೊತ್ತುಕೊಂಡು ಹೋಗುವುದು?

ಅವತ್ತಿನಿಂದ ದೊಡ್ಡ ಗಾಡಿಗಳ ಮುಂದೆ ನುಗ್ಗುವುದು ಬಿಟ್ಟಿದ್ದೇನೆ. ಲೋಡ್ ಲಾರಿಯವನು ತನ್ನ ಮುಂದೆ ಜಾಗ ಬಿಟ್ಟುಕೊಂಡು ಬರುತ್ತಿದ್ದರೆ ನಮಗೆ ಅದು ‘ಖಾಲಿ ಜಾಗ’ವಾಗಿ ಕಾಣುತ್ತದೆ. ಅದು ಖಾಲಿ ಅಲ್ಲ, ಅವನ ಬ್ರೇಕು ಹಿಡಿಯಲು ಬೇಕಾದ ಜಾಗ. ನಾವು ಅಲ್ಲಿಗೆ ನುಗ್ಗಿದರೆ ಅವನು ಮತ್ತೆ ನಿಧಾನ ಮಾಡಿ ಜಾಗ ಮಾಡಿಕೊಳ್ಳಬೇಕು, ಅಷ್ಟರಲ್ಲಿ ಇನ್ನೊಬ್ಬ ನುಗ್ಗುತ್ತಾನೆ. ಭಾರದ ಲಾರಿ ಒಮ್ಮೆ ನಿಂತರೆ ಮತ್ತೆ ಗೇರ್ ಏರಿಸಿ ಹೊರಡುವಷ್ಟರಲ್ಲಿ ಹಿಂದಿನವರೆಲ್ಲ ಹಾರ್ನ್ ಶುರು ಮಾಡುತ್ತಾರೆ. ಜಿಪ್ ಲೆಕ್ಕದಲ್ಲೂ ಲಾರಿಯನ್ನು ಒಂದು ಹಲ್ಲು ಅಂತ ಎಣಿಸಬೇಡಿ. ಅದನ್ನು ಮೊದಲು ಕಳಿಸಿ.

ಇನ್ನು ನಿಮ್ಮ ಜಗಳದ ವಿಷಯ. ‘ನಾನು ಲೈಟ್ ಹೊಡೆದೆ, ಆದರೂ ನುಗ್ಗಿದ’ ಅಂತ ಬರೆದಿದ್ದೀರಿ. ನನಗೆ ಅನುಮಾನ ಇರುವುದು ಅಲ್ಲೇ. ನೀವು ಹೊಡೆದದ್ದು ‘ನಾನು ಬರ್ತಿದೀನಿ, ನಿಲ್ಲು’ ಅಂತ. ಹೆದ್ದಾರಿಯ ಲಾರಿಯವರ ಭಾಷೆಯಲ್ಲಿ ಡಿಪ್ಪರ್‌ಗೆ ಅದೇ ಅರ್ಥ. ಈಗ ಬೆಂಗಳೂರಿನಲ್ಲಿ ಓಡಿಸುವ ಒಂದಷ್ಟು ಜನ, ವಿದೇಶದಲ್ಲಿ ಇದ್ದು ಬಂದವರು, ‘ನೀವು ಹೋಗಿ’ ಅನ್ನುವುದಕ್ಕೂ ಲೈಟ್ ಮಿಣುಕಿಸುತ್ತಾರೆ. ಬ್ರಿಟನ್ನಿನ ಹೈವೇ ಕೋಡ್ ಕೂಡ ಲೈಟ್ ಹೊಡೆಯುವುದು ‘ನಾನು ಇಲ್ಲಿದ್ದೇನೆ’ ಅಂತ ತಿಳಿಸಲು ಮಾತ್ರ, ಅದನ್ನು ‘ಬಾ’ ಎಂದು ತಿಳಿಯಬೇಡಿ ಅನ್ನುತ್ತದೆ, ಜನ ಕೇಳುವುದಿಲ್ಲ. ಒಬ್ಬರ ‘ನಿಲ್ಲು’ ಇನ್ನೊಬ್ಬರಿಗೆ ‘ಬಾ’. ಅವನು ನಿಮ್ಮ ಉಪಕಾರ ನೆನೆದುಕೊಂಡೇ ಬಂದಿರಬಹುದು, ನೀವು ಹಾರ್ನ್ ಒತ್ತಿದಾಗ ‘ಕರೆದು ಬೈತಾನಲ್ಲ’ ಅಂದುಕೊಂಡಿರಬಹುದು.

ಇಂಡಿಕೇಟರಿನ ಕಥೆಯೂ ಹಾಗೇ. ಲಾರಿಯ ಹಿಂದೆ ಹೋಗುವಾಗ ಅವನು ಎಡಗಡೆ ಇಂಡಿಕೇಟರ್ ಹಾಕಿದರೆ ಎಷ್ಟೋ ಸಲ ‘ಓವರ್‌ಟೇಕ್ ಮಾಡ್ಕೋ’ ಅಂತ. ಕೆಲವು ಸಲ ನಿಜವಾಗಿಯೂ ಎಡಕ್ಕೆ ಡಾಬಾಗೆ ತಿರುಗುತ್ತಾನೆ. ಬಲಗಡೆ ಹಾಕಿದರೆ ಇನ್ನೂ ಗೊಂದಲ. ಹಿಂದೆ ಕ್ಲೀನರ್ ಇದ್ದ ಕಾಲದಲ್ಲಿ ಅವನು ಕೈ ಹೊರಗೆ ಚಾಚಿ ಬಾಗಿಲು ಎರಡು ಸಲ ತಟ್ಟಿ ಕೈ ಬೀಸಿದರೆ ಹೋಗು, ಅಂಗೈ ಅಡ್ಡ ಹಿಡಿದರೆ ನಿಲ್ಲು. ಅದರಲ್ಲಿ ಎರಡರ್ಥ ಇರಲಿಲ್ಲ. ಈಗ ಬಹಳ ಲಾರಿಗಳಲ್ಲಿ ಕ್ಲೀನರೇ ಇರುವುದಿಲ್ಲ. ನಮ್ಮ ಕಾರುಗಳಲ್ಲಿ ಎ.ಸಿ., ಗಾಜು ಮೇಲೆ, ಕೆಲವದಕ್ಕೆ ಕಪ್ಪು ಫಿಲ್ಮು ಬೇರೆ. ಎದುರಿನವನಿಗೆ ಕಾಣುವುದು ಬಂಪರ್ ಮಾತ್ರ. ಬಂಪರಿಗೆ ಯಾರೂ ನಾಚಿಕೊಳ್ಳುವುದಿಲ್ಲ.

ಅದಕ್ಕೆ ನಾನು ಮಾಡುವುದು ಇಷ್ಟು: ಬಾಯಿ ಹತ್ತಿರ ಬಂದಾಗ ಗಾಜು ಇಳಿಸುತ್ತೇನೆ. ಪಕ್ಕದವರ ಮುಖ ನೋಡುತ್ತೇನೆ. ಕೈ ಹೊರಗೆ ಹಾಕಿ ‘ಬನ್ನಿ’ ಅನ್ನುತ್ತೇನೆ, ಅಥವಾ ಒಂದು ಬೆರಳು ತೋರಿಸಿ ‘ನಾನೊಂದು, ಆಮೇಲೆ ನೀವು’. ಹತ್ತರಲ್ಲಿ ಏಳೆಂಟು ಜನ ತಲೆಯಾಡಿಸುತ್ತಾರೆ. ಒಳಗೆ ಬಂದವರು ಕೈ ಎತ್ತಿದರೆ ಹಿಂದಿನವರಿಗೂ ಕಾಣುತ್ತದೆ, ಅವರೂ ಒಬ್ಬರಿಗೆ ಬಿಡುತ್ತಾರೆ. ನಾನೇ ಒಳಗೆ ಬರಬೇಕಾದಾಗಲೂ ಇದೇ. ಮೂಗು ತೂರಿಸುವ ಮೊದಲು ಮುಖ ತೋರಿಸುತ್ತೇನೆ. ಟೋಲ್ ದಾಟಿದ ಮೇಲೆ ಅಷ್ಟೊಂದು ಬೂತುಗಳಿಂದ ಎಲ್ಲರೂ ರೇಸಿಗೆ ಬಿಟ್ಟಂತೆ ಹೊರಟು ಎರಡು ಮೂರು ಲೇನಿಗೆ ಇಳಿಯುತ್ತಾರಲ್ಲ, ಅಲ್ಲಿ ಮಾತ್ರ ಇದೆಲ್ಲ ನಡೆಯುವುದಿಲ್ಲ. ಅಲ್ಲಿ ನಾನು ಸುಮ್ಮನೆ ನಿಧಾನ ಮಾಡಿ ಎಲ್ಲರನ್ನೂ ಕಳಿಸಿಬಿಡುತ್ತೇನೆ.

ಕಾನೂನು ಕೇಳಿದ್ದೀರಿ, ಎರಡೇ ಮಾತು. ನಿಮ್ಮನ್ನು ದಾಟುತ್ತಿರುವ ಗಾಡಿಯನ್ನು ತಡೆಯಲು ವೇಗ ಹೆಚ್ಚಿಸಬಾರದು ಅನ್ನುವುದು 1989ರ ರಸ್ತೆ ನಿಯಮಗಳಲ್ಲೇ ಇತ್ತು. ಆ ನಿಯಮಗಳ ಜಾಗಕ್ಕೆ 2017ರಲ್ಲಿ ಹೊಸವು ಬಂದವು. ಆಮೇಲೆ, ಗಾಡಿ ಅಡ್ಡ ಹಾಕಿ ಒಬ್ಬರನ್ನು ಹೋಗದಂತೆ ತಡೆದರೆ ಅದು ಭಾರತೀಯ ನ್ಯಾಯ ಸಂಹಿತೆಯ 126ನೇ ಸೆಕ್ಷನ್ನಿಗೆ ಬರಬಹುದು: ಒಂದು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ‘ನಾನು ಸರಿ ಇದ್ದೆ’ ಅನ್ನುವವನೂ ಇಳಿದು ಅಡ್ಡ ನಿಂತರೆ ಸಿಕ್ಕಿಕೊಳ್ಳುತ್ತಾನೆ. ಆದ್ದರಿಂದ ಮುಂದಿನ ಸಲ ಯಾರಾದರೂ ಇಳಿದು ಬಂದರೆ ನೀವು ಇಳಿಯಬೇಡಿ. ಬಾಗಿಲು ಲಾಕ್, ಗಾಜು ಎರಡು ಬೆರಳು ಮಾತ್ರ ಕೆಳಗೆ, ‘ಆಯ್ತು ಸಾರ್, ತಪ್ಪಾಯ್ತು, ಹೋಗಿ.’ ತಪ್ಪು ನಿಮ್ಮದಲ್ಲದಿದ್ದರೂ. ಆ ಮಾತಿಗೆ ದುಡ್ಡು ಕೊಡಬೇಕಿಲ್ಲ. ಅವನು ಬಾನೆಟ್ ಬಡಿಯುವುದಕ್ಕೆ ಶುರು ಮಾಡಿದರೆ ಗಾಡಿ ನಂಬರ್ ನೋಡಿಕೊಂಡು 112ಕ್ಕೆ ಫೋನ್ ಮಾಡಿ.

ಪೆದ್ದರಾಗುತ್ತೇವಾ ಅಂದಿರಲ್ಲ, ಒಂದೊಂದು ದಿನ ಆಗುತ್ತೇವೆ. ಇವತ್ತು ಬೆಳಿಗ್ಗೆಯೇ ಹಿರೇಹಳ್ಳಿ ಹತ್ತಿರ ಒಂದು ಕಾರಿಗೆ ಕೈ ತೋರಿಸಿ ಬಿಟ್ಟೆ. ಅದರ ಬಾಲ ಹಿಡಿದು ಎರಡನೆಯದೂ ನುಗ್ಗಿತು, ಇರಲಿ ಅಂದುಕೊಂಡೆ. ಮೂರನೆಯದು ಆಟೋ, ಮೂಗು ಆಗಲೇ ನನ್ನ ಲೈಟಿನ ಮುಂದಿತ್ತು. ಅದಕ್ಕೆ ಬಿಡಲಿಲ್ಲ. ಅವನು ಬೈದ. ನಾನೂ ಬೈದೆ, ಗಾಜು ಏರಿಸಿಕೊಂಡು.