ಓದುಗರ ಪ್ರಶ್ನೆ: ಸತ್ತ ಪಾತ್ರವನ್ನು ಎಬ್ಬಿಸಿ ತರಬಹುದೇ?

ಪ್ರಶ್ನೆ: ನಾನೊಂದು ಕಾದಂಬರಿ ಬರೆಯುತ್ತಿದ್ದೇನೆ. ಗುಡ್ಡದ ಬದಿಯ ಅಡಿಕೆ ತೋಟ, ಅಜ್ಜ ನೀರಿಗಾಗಿ ಮುರಕಲ್ಲಿನಲ್ಲಿ ಕೊರೆಸಿದ ಸುರಂಗ, ಅದರ ನೀರು ಯಾರ ಪಾಲಿನದೆಂದು ಮಾತು ಬಿಟ್ಟಿರುವ ಅಣ್ಣ ತಮ್ಮಂದಿರು, ಇಷ್ಟು ಕತೆ. ವಿಭಾಗಪತ್ರದಲ್ಲಿ ನೀರಿನ ವಿಚಾರವಿಲ್ಲ. ಬಾಯಿಮಾತಿನ ಒಪ್ಪಂದ ತಿಳಿದಿದ್ದವರು ಅಜ್ಜ ಒಬ್ಬರೇ, ಅವರನ್ನು ಎರಡನೆಯ ಅಧ್ಯಾಯದಲ್ಲೇ ಸಾಯಿಸಿಬಿಟ್ಟೆ. ಆ ಒಂದು ಮಾತು ಹೇಳಿಸುವುದಕ್ಕಾಗಿ ಅವರನ್ನು ಎಬ್ಬಿಸಿ ತರಬಹುದೇ? ನಮ್ಮ ಯಜಮಾನರು ಇದು ಧಾರಾವಾಹಿಯವರ ಕೆಲಸವೆಂದು ನಗುತ್ತಾರೆ.
(ಓದುಗರೊಬ್ಬರು, ಬದಿಯಡ್ಕ)

ಉತ್ತರ: ಧಾರಾವಾಹಿಯವರನ್ನು ಕಂಡು ನಗುವುದಾದರೆ ನಿಮ್ಮ ಯಜಮಾನರು ವ್ಯಾಸರನ್ನು ಕಂಡೂ ನಗಬೇಕಾದೀತು. ಮಹಾಭಾರತದ ಆಶ್ರಮವಾಸಿಕ ಪರ್ವದಲ್ಲಿ ಧೃತರಾಷ್ಟ್ರ, ಗಾಂಧಾರಿ, ಕುಂತಿಯರ ಪುತ್ರಶೋಕವನ್ನು ಕಳೆಯುವುದಕ್ಕಾಗಿ ವ್ಯಾಸರು ಯುದ್ಧದಲ್ಲಿ ಮಡಿದ ವೀರರೆಲ್ಲರನ್ನೂ ಗಂಗೆಯ ನೀರಿನಿಂದ ಎಬ್ಬಿಸುತ್ತಾರೆ. ಕುಮಾರವ್ಯಾಸನ ಭಾರತ ಗದಾಪರ್ವಕ್ಕೆ, ಅಂದರೆ 10 ಪರ್ವಗಳಿಗೇ ನಿಲ್ಲುವುದರಿಂದ ಗಮಕ ಕೇಳಿ ಬೆಳೆದ ನಮ್ಮಲ್ಲಿ ಅನೇಕರಿಗೆ ಈ ಪ್ರಸಂಗದ ಪರಿಚಯ ಕಡಿಮೆ. ಬದುಕಿದ್ದಾಗಿನ ವೇಷ, ಧ್ವಜ, ವಾಹನಗಳೊಂದಿಗೇ ಅವರೆಲ್ಲ ಬರುತ್ತಾರೆ. ಹುಟ್ಟುಕುರುಡ ಧೃತರಾಷ್ಟ್ರನಿಗೆ ಅಂದು ದಿವ್ಯದೃಷ್ಟಿ ದೊರೆತು ಅವನು ಮಕ್ಕಳ ಮುಖವನ್ನು ಕಾಣುತ್ತಾನೆ. ಹಗೆಯ ಮಾತು ಯಾರ ಬಾಯಿಂದಲೂ ಬರುವುದಿಲ್ಲ. ಆದರೆ ಇದೆಲ್ಲ ಒಂದು ರಾತ್ರಿಯ ಮಟ್ಟಿಗೆ ಮಾತ್ರ. ಬಂದವರು ಬಂದಂತೆಯೇ ನೀರಿನಲ್ಲಿ ಮರೆಯಾದ ಮೇಲೆ, ಪತಿಲೋಕವನ್ನು ಬಯಸಿದ ವಿಧವೆಯರೂ ಅದೇ ಗಂಗೆಗೆ ಇಳಿದು ಹೋಗುತ್ತಾರೆ. ಸತ್ತವರು ಬಂದುಹೋದ ಮನೆ ಮೊದಲಿನಂತೆ ಉಳಿಯುವುದಿಲ್ಲ ಎಂಬುದನ್ನು ಕವಿ ಅಲ್ಲಿ ಮುಚ್ಚಿಟ್ಟಿಲ್ಲ.

ಈ ಕತೆಯನ್ನು ಕೇಳುತ್ತಿದ್ದ ಜನಮೇಜಯನು ಹಾಗಾದರೆ ನನ್ನ ತಂದೆಯನ್ನೂ ತೋರಿಸಿ ಎಂದು ಬೇಡಿದಾಗ ವ್ಯಾಸರು ಪರೀಕ್ಷಿತನನ್ನು ಕರೆತರುತ್ತಾರೆ. ಈ ಪರೀಕ್ಷಿತ ಅಶ್ವತ್ಥಾಮನ ಅಸ್ತ್ರದಿಂದಾಗಿ ಹುಟ್ಟುವಾಗಲೇ ಜೀವವಿಲ್ಲದ ಶಿಶು. ಕುರುವಂಶ ಉಳಿಯಬೇಕೆಂದು ಕೃಷ್ಣನು ಅವನನ್ನು ಬದುಕಿಸಿದ್ದ. ಅಂದು ಬದುಕಿಸದಿದ್ದರೆ ಭಾರತವನ್ನು ಕೇಳಲು ಜನಮೇಜಯನೇ ಇರುತ್ತಿರಲಿಲ್ಲ. ಒಂದೇ ಪಾತ್ರ ಒಮ್ಮೆ ವಂಶಕ್ಕಾಗಿ ಒಂದು ಆಯುಷ್ಯದಷ್ಟು ಕಾಲ, ಇನ್ನೊಮ್ಮೆ ಮಗನ ಆಸೆಗಾಗಿ ಕೊಂಚ ಹೊತ್ತು ಮರಳುವುದನ್ನು ಗಮನಿಸಿ: ಕೆಲಸ ಎಷ್ಟೋ ಅಷ್ಟೇ ಆಯುಷ್ಯ.

ನಿಮಗೆ ಇದಕ್ಕಿಂತಲೂ ಹತ್ತಿರದ ಉದಾಹರಣೆ ಕಚನದು. ಸತ್ತವರನ್ನು ಬದುಕಿಸುವ ಮೃತಸಂಜೀವಿನಿ ವಿದ್ಯೆಯನ್ನು ಕಲಿತು ಬರಲೆಂದು ದೇವತೆಗಳು ಅವನನ್ನು ಅಸುರರ ಗುರು ಶುಕ್ರಾಚಾರ್ಯರ ಬಳಿಗೆ ಕಳುಹಿಸುತ್ತಾರೆ. ಅಸುರರು ಅವನನ್ನು ಕೊಲ್ಲುತ್ತಾರೆ, ಮಗಳು ದೇವಯಾನಿ ಅತ್ತಾಗಲೆಲ್ಲ ಶುಕ್ರರು ಎಬ್ಬಿಸುತ್ತಾರೆ. ಕೊನೆಗೊಮ್ಮೆ ಅಸುರರು ಅವನನ್ನು ಸುಟ್ಟು, ಬೂದಿಯನ್ನು ಮದ್ಯದಲ್ಲಿ ಕಲಸಿ ಗುರುವಿಗೇ ಕುಡಿಸಿದಾಗ ಕಚನ ದನಿ ಗುರುವಿನ ಹೊಟ್ಟೆಯೊಳಗಿನಿಂದ ಮೆಲ್ಲಗೆ ಕೇಳಿಸುತ್ತದೆ. ಶಿಷ್ಯ ಹೊರಬಂದರೆ ಗುರು ಸಾಯಬೇಕು. ಆದ್ದರಿಂದ ಹೊಟ್ಟೆಯಲ್ಲಿದ್ದವನಿಗೇ ವಿದ್ಯೆಯನ್ನು ಉಪದೇಶಿಸಿ, ಹೊರಬಂದವನು ಮೊದಲು ಗುರುವನ್ನು ಬದುಕಿಸುವಂತೆ ಮಾಡಬೇಕಾಗುತ್ತದೆ. ದೇವತೆಗಳ ಕೆಲಸವೇನೋ ಆಯಿತು, ಆದರೆ ಕಚನು ದೇವಯಾನಿಯನ್ನು ಮದುವೆಯಾಗಲು ಒಪ್ಪದೆ, ಕಲಿತ ವಿದ್ಯೆ ಅವನಿಗೆ ಫಲಿಸದಿರಲಿ ಎಂಬ ಶಾಪವನ್ನು ಪಡೆದೇ ಹಿಂದಿರುಗುತ್ತಾನೆ.

ಇನ್ನು ನಿಮ್ಮ ಅಜ್ಜ. ಅವರು ಎದ್ದು ಬಂದು ನೀರು ದೊಡ್ಡವನದು ಎಂದು ಹೇಳಿ ಹೋದರೆ ಅವರು ಪಾತ್ರವಾಗಿ ಉಳಿಯುವುದಿಲ್ಲ, ಕಳೆದುಹೋಗಿ ಸಿಕ್ಕಿದ ಕಾಗದವಾಗುತ್ತಾರೆ. ಆ ಕೆಲಸಕ್ಕೆ ಪೆಟ್ಟಿಗೆಯ ಅಡಿಯಲ್ಲಿ ಒಂದು ಹಳೆಯ ಚೀಟಿ ಸಾಕು. ಎಬ್ಬಿಸುವುದೇ ಆದರೆ ಒಂದು ರಾತ್ರಿಗೆ ಎಬ್ಬಿಸಿ, ಮತ್ತು ಮಕ್ಕಳು ಕೇಳಿದ್ದಕ್ಕೆ ಅವರು ನೇರ ಉತ್ತರ ಕೊಡದಿರಲಿ. ಸುರಂಗದ ಬಾಯಿಯಲ್ಲಿ ಕುಳಿತು, ನೀರು ಸಿಗುವ ಮೊದಲು ಎಷ್ಟು ಕೋಲು ಕೊರೆದರು, ಒಳಗೆ ದೀಪ ಆರಿದಾಗ ಯಾರು ಕೈಹಿಡಿದು ಹೊರಗೆ ತಂದರು ಎಂಬುದನ್ನು ಅವರು ಹೇಳಲಿ. ಆ ಕೈ ನಿಮ್ಮ ಕತೆಯ ಈ ಎರಡು ಮನೆಗಳಿಗೂ ಸೇರದ ಬೇರೊಬ್ಬರದಾಗಿದ್ದರೆ ನಿಮ್ಮ ಕಾದಂಬರಿ ಅಲ್ಲಿಂದ ಮುಂದೆ ಹೋಗುತ್ತದೆ.

ಪ್ರಶ್ನೆ: ನಮ್ಮೂರಿನ ತಾಳಮದ್ದಳೆಯಲ್ಲಿ ‘ಬಭ್ರುವಾಹನ ಕಾಳಗ’ ಇತ್ತು. ಸತ್ತ ಅರ್ಜುನನನ್ನು ಎಬ್ಬಿಸುವ ಮಣಿ ಅವನ ನಾಗಪತ್ನಿ ಉಲೂಪಿಯ ಕೈಯಲ್ಲೇ ಇತ್ತೆಂದು ಒಬ್ಬರು, ಪಾತಾಳದಿಂದ ಕಾದಾಡಿ ತರಬೇಕಾಯಿತೆಂದು ಇನ್ನೊಬ್ಬರು ಅರ್ಥ ಹೇಳಿದರು. ಯಾವುದು ಸರಿ?
(ಓದುಗರೊಬ್ಬರು, ಕುಂಬಳೆ)

ಉತ್ತರ: ಎರಡೂ ಸರಿ, ಮೂಲ ಬೇರೆ. ವ್ಯಾಸಭಾರತದಲ್ಲಿ ಉಲೂಪಿ ನೆನೆದ ಕೂಡಲೇ ಮಣಿ ಬರುತ್ತದೆ. ಭೀಷ್ಮನನ್ನು ಕೊಂದದ್ದಕ್ಕಾಗಿ ವಸುಗಳು ಅರ್ಜುನನಿಗಿತ್ತ ಶಾಪ ಮಗ ಬಭ್ರುವಾಹನನ ಕೈಯಲ್ಲಿ ಸತ್ತರೆ ಮಾತ್ರ ತೀರುವುದರಿಂದ, ಯುದ್ಧಕ್ಕೆ ಹುರಿದುಂಬಿಸಿದವಳೂ ಅವಳೇ, ಎಬ್ಬಿಸಿದವಳೂ ಅವಳೇ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಮಣಿ ಪಾತಾಳದಿಂದ ಬರಬೇಕು, ನಾಗರೊಡನೆ ಕಾಳಗವಾಗಬೇಕು. ಚೆಂಡೆಗೆ ಎರಡನೆಯದು ಹಿತ, ಮನಸ್ಸಿಗೆ ಮೊದಲನೆಯದು ಹೆಚ್ಚು ಹಿಡಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಮಣಿ ಬರುವುದು ತಡವಾದಷ್ಟೂ ಸತ್ತ ಅರ್ಜುನನ ಅರ್ಥಧಾರಿ ಶಾಲನ್ನು ಮಡಿಲಿಗೆಳೆದುಕೊಂಡು ನಿಶ್ಚಿಂತೆಯಿಂದ ಎಲೆಯಡಿಕೆ ಮೆಲ್ಲಬಹುದೆಂಬುದನ್ನೂ ಹೇಳಬೇಕು.

ಪ್ರಶ್ನೆ: ನನ್ನ ಕತೆಯ ಪತ್ತೇದಾರ ರೈಲು ನಿಲ್ದಾಣದಲ್ಲಿ ಎಲ್ಲರೆದುರು ಗುಂಡೇಟಿಗೆ ಸಾಯುತ್ತಾನೆ. ಗೆಳೆಯರು ಅವನು ಮತ್ತೆ ಬೇಕೆನ್ನುತ್ತಾರೆ. ಏನು ಮಾಡಲಿ?
(ವಿದ್ಯಾರ್ಥಿ, ಉಪ್ಪಳ)

ಉತ್ತರ: ಕಾನನ್ ಡಾಯ್ಲ್ 1893ರಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಜಲಪಾತದಲ್ಲಿ ಕೊಂದು, 1903ರಲ್ಲಿ ಅವನು ಬಿದ್ದೇ ಇರಲಿಲ್ಲವೆಂದು ಮರಳಿ ತಂದ. ಹೆಣವನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಅದು ಸಾಧ್ಯವಾಯಿತು. ನೀವು ಹೆಣವನ್ನು ಪ್ಲಾಟ್‌ಫಾರ್ಮಿನಲ್ಲಿ ಮಲಗಿಸಿಬಿಟ್ಟಿರುವುದರಿಂದ ಆ ದಾರಿ ನಿಮಗಿಲ್ಲ. ನಡುವೆ 1901ರಲ್ಲಿ ಡಾಯ್ಲ್ ಇನ್ನೊಂದು ಉಪಾಯ ಮಾಡಿದ್ದ: ಹೋಮ್ಸ್ ಸಾಯುವುದಕ್ಕೆ ಮೊದಲು ನಡೆದ ಪ್ರಕರಣವೆಂದು ಒಂದು ಕಾದಂಬರಿಯನ್ನೇ ಬರೆಯತೊಡಗಿದ. ನೀವೂ ಅದನ್ನೇ ಮಾಡಿ, ಗುಂಡೇಟಿನ ಹಿಂದಿನ ವರ್ಷದಿಂದ ಆರಂಭಿಸಿ.