ರಾಷ್ಟ್ರಕೂಟರಂಥ ಬಲಿಷ್ಠ ಸಾಮ್ರಾಜ್ಯವನ್ನು ಅವರದೇ ಸಾಮಂತನೊಬ್ಬ 973ರಲ್ಲಿ ಉರುಳಿಸಿದ್ದು ಹೇಗೆ?

ಸೈನ್ಯದ ದೊಡ್ಡ ಪಾಲು ಚಕ್ರವರ್ತಿಯ ಕೈಯಲ್ಲಿರದೆ ಸಾಮಂತರ ಕೈಯಲ್ಲಿ ಇದ್ದದ್ದೇ ಮುಖ್ಯ ಕಾರಣ. ರಾಜಧಾನಿ ಮಾನ್ಯಖೇಟದ (ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ) ಅರಸ ದುರ್ಬಲನಾದ ಕೂಡಲೇ ಆ ಬಲ ಅವನ ಮೇಲೆಯೇ ತಿರುಗಿತು.

ಆಗ ಸೇನಾನಾಯಕರಿಗೆ ಸಂಬಳದ ಬದಲು ನಾಡುಗಳನ್ನೇ ಬಿಟ್ಟುಕೊಡುವ ಪದ್ಧತಿಯಿತ್ತು. ಇದಕ್ಕೆ ಶಾಸನಗಳಲ್ಲಿ 'ಅಣುಗಜೀವಿತ' ಎಂಬ ಹೆಸರಿದೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ ಹೀಗೆ ತರ್ದವಾಡಿ ನಾಡನ್ನು (ಈಗಿನ ವಿಜಯಪುರದ ಕಡೆ) ಚಾಲುಕ್ಯ ವಂಶದ ತೈಲಪನಿಗೆ ಕೊಟ್ಟಿದ್ದ. ಅಲ್ಲಿನ ತೆರಿಗೆ ತೈಲಪನಿಗೇ ಸೇರುತ್ತಿತ್ತು, ಅದರಿಂದ ಸಾಕಿದ ಪಡೆಯೂ ಅವನದೇ. ಇಂಥ ಸಾಮಂತ ನಿಷ್ಠನಾಗಿರುವುದು ಅರಸ ಗೆಲ್ಲುತ್ತಿರುವವರೆಗೆ ಮಾತ್ರ. ಗೆಲುವು ನಿಂತರೆ ಹೊಸ ನಾಡೂ ಇಲ್ಲ, ಕೊಳ್ಳೆಯ ಪಾಲೂ ಇಲ್ಲ, ಭಯವೂ ಇಲ್ಲ.

ಕೃಷ್ಣ 967ರಲ್ಲಿ ತೀರಿಕೊಂಡ. 972ರಲ್ಲಿ ಮಾಳವದ ಪರಮಾರ ದೊರೆ ಸೀಯಕ ಮಾನ್ಯಖೇಟವನ್ನೇ ಸೂರೆಮಾಡಿದ. ರಾಜಧಾನಿಯನ್ನೇ ಕಾಯಲಾಗದ ಅರಸ ಎಂಬುದು ಎಲ್ಲರ ಕಣ್ಣಿಗೂ ಬಿತ್ತು. ಮರುವರ್ಷ ತೈಲಪ ಆಗಿನ ರಾಷ್ಟ್ರಕೂಟ ಅರಸ ಇಮ್ಮಡಿ ಕರ್ಕನನ್ನು ಸೋಲಿಸಿ ಪಟ್ಟವೇರಿದ.

ಎಲ್ಲ ಸಾಮಂತರೂ ಕೈಬಿಡಲಿಲ್ಲ ಎಂಬುದನ್ನು ನಾನು ಒತ್ತಿ ಹೇಳಬೇಕು. ಗಂಗ ದೊರೆ ಮಾರಸಿಂಹ ಕೃಷ್ಣನ ಮೊಮ್ಮಗ ಇಂದ್ರನ ಪರ ನಿಂತ. ಇಂದ್ರ ಅವನ ಸೋದರಳಿಯ; ಇಲ್ಲಿ ನೆಂಟಸ್ತಿಕೆ ನಿಷ್ಠೆಯನ್ನು ಗಟ್ಟಿ ಮಾಡಿತ್ತು. ಇಂದ್ರನನ್ನು ಪಟ್ಟಕ್ಕೆ ತರುವ ಪ್ರಯತ್ನ ಫಲಿಸಲಿಲ್ಲ. ಮಾರಸಿಂಹ ಬಂಕಾಪುರದಲ್ಲೂ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲೂ ಸಲ್ಲೇಖನ ವ್ರತದಿಂದ (ಅನ್ನ ನೀರು ತೊರೆದು) ದೇಹ ಬಿಟ್ಟರು.