ಬಿಸಿಲಲ್ಲಿ ಬರುವ ಹೊಳೆ

‘ನಿಮ್ಮಲ್ಲಿ ಮಳೆನೇ ಇಲ್ಲ, ಪ್ರವಾಹ ಎಲ್ಲಿಂದ ಬಂತು?’ ಅಂತ ಕೇಳಿದ್ದೀರಿ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ಕಾಗವಾಡ ಕಡೆಯ ಹೊಳೆಸಾಲಿನ ಊರುಗಳಲ್ಲಿ ಚುರುಚುರು ಬಿಸಿಲಿದ್ದಾಗಲೇ ನೀರು ಹೊಸ್ತಿಲು ದಾಟುವುದುಂಟು. ಮಳೆ ಸುರಿಯುವುದು ಮಹಾರಾಷ್ಟ್ರದ ಘಟ್ಟದಲ್ಲಿ. 105 ಟಿಎಂಸಿ ಹಿಡಿಯುವ ಕೊಯ್ನಾ ಡ್ಯಾಮಿನ ಗೇಟು ಎತ್ತಿದರೆ ಆ ನೀರು ಕರಾಡದಲ್ಲಿ ಕೃಷ್ಣೆ ಸೇರಿ, ಸಾಂಗಲಿ ದಾಟಿ, ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನೂ ಕರೆದುಕೊಂಡು ನಮ್ಮ ಕಡೆ ಬರುತ್ತದೆ. ಅದರ ಮೇಲೆ ದೂಧಗಂಗಾ ಹೊಳೆಯ ನೀರು ಬೇರೆ.

ಅದಕ್ಕೇ ಜುಲೈ ಬಂತೆಂದರೆ ನಮ್ಮ ಮನೆಗಳಲ್ಲಿ ಮರಾಠಿ ಸುದ್ದಿ. ಸಾಂಗಲಿಯ ಆಯರ್ವಿನ್ ಪುಲ್ (ಸೇತುವೆ) ಹತ್ತಿರ ನೀರು 40 ಅಡಿ ಮುಟ್ಟಿದರೆ ಎಚ್ಚರಿಕೆ, 45 ಆದರೆ ಅಪಾಯ. ಡ್ಯಾಮಿನಿಂದ ಬಿಟ್ಟ ನೀರಿಗೆ ಮರಾಠಿಯಲ್ಲಿ ‘ವಿಸರ್ಗ’ ಅಂತಾರೆ. ಕನ್ನಡ ಶಾಲೆಯಲ್ಲಿ ಎರಡು ಚುಕ್ಕಿ ಅಂತ ಕಲಿತ ಶಬ್ದ, ಮನೆಗೆ ಬಂದರೆ ಕ್ಯೂಸೆಕ್ಸ್‌ನಲ್ಲಿ ಕೇಳಿಸುತ್ತದೆ!

ಆ ಅಂಕಿ ಏರಿದ ದಿನ ಮೊದಲು ಹೊಳೆದಂಡೆಯ ಪಂಪಸೆಟ್ಟಿನ ಮೋಟಾರು ಮೇಲೆ ಬರುತ್ತದೆ. ಆಮೇಲೆ ಹೊಲದ ಉತಾರ (ಪಹಣಿ), ಆಧಾರ್, ಪಾಸ್‌ಬುಕ್ಕು ಪ್ಲಾಸ್ಟಿಕ್ ಚೀಲಕ್ಕೆ. ಕಾಳಿನ ಚೀಲ ಮಾಳಿಗೆಗೆ. ಇಷ್ಟನ್ನೂ ಯಾರೂ ಹೇಳದೆ ಮಾಡುತ್ತಾರೆ. ಆದರೆ ಮನೆ ಬಿಟ್ಟು ಏಳಿ ಅಂದರೆ ಏಳುವುದಿಲ್ಲ. ಹೊರಗಿನವರು ಇದನ್ನು ಹಟ ಅಂದುಕೊಳ್ಳುತ್ತಾರೆ. 2019ರ ಆಗಸ್ಟಿನಲ್ಲಿ ಬೋಟು ಅಂಗಳಕ್ಕೇ ಬಂದಿತ್ತು. ನಮ್ಮ ಆಯಿ ಮೊಣಕಾಲುದ್ದ ನೀರಲ್ಲಿ ಎಮ್ಮೆ ಕಟ್ಟುವ ದಾವಣಿ ಹಗ್ಗ ಹಿಡಿದು ನಿಂತಿದ್ದಳು. ‘ನಾ ಬರತೇನಪಾ, ಎಮ್ಮಿನ್ ಎಲ್ಲಿ ಕುಂದ್ರಸ್ತಿ?’ ಬೋಟಿನ ಹುಡುಗ ಸುಮ್ಮನಾದ. ವಾರದ ಸಂತೆ ನಡೆಯುವುದು ಡೇರಿಯ ಹಾಲಿನ ಬಿಲ್ಲಿನ ಮೇಲೆ. ಎಮ್ಮೆ ಹೋದರೆ ಮನೆಯೇ ಕೂತಂತೆ. ಕೊನೆಗೆ ನಮ್ಮ ಕಾಕಾ ಎರಡು ಎಮ್ಮೆಗಳನ್ನು ಈಸಿಸಿಕೊಂಡು ಎತ್ತರದ ರಸ್ತೆಗೆ ಮುಟ್ಟಿಸಿದ ಮೇಲೆಯೇ ಆಕೆ ಬೋಟು ಹತ್ತಿದ್ದು. ಆದ್ದರಿಂದ ನನ್ನ ಮಾತು ಇಷ್ಟೇ: ಗಂಜಿ ಕೇಂದ್ರ ತೆರೆಯುವ ಮುಂಚೆ ದನಕ್ಕೆ ಜಾಗ, ಮೇವು ತೋರಿಸಿ. ಜನ ತಾವಾಗಿ ಬರುತ್ತಾರೆ.

ನೀರು ಇಳಿದ ಮೇಲಿನದು ಬೇರೆ ಕಥೆ. ಮಣ್ಣಿನ ಗೋಡೆ ನೀರಲ್ಲಿ ನಿಂತಾಗಲೇ ಬೀಳಬೇಕೆಂದಿಲ್ಲ, ಎಷ್ಟೋ ಸಲ ಬಿಸಿಲು ಬಿದ್ದ ಮೇಲೆ ಬಿರುಕು ಬಿಟ್ಟು ಕುಸಿಯುತ್ತದೆ. ನಮ್ಮ ಪಕ್ಕದ ಮನೆಗೆ ಸರ್ವೆಯವರು ಬಂದಾಗ ಗೋಡೆ ನಿಂತಿತ್ತು, ‘ಸಿ’, ಅಂದರೆ ಸ್ವಲ್ಪ ಹಾನಿ, ಅಂತ ಬರೆದುಕೊಂಡು ಹೋದರು. ನಾಲ್ಕನೇ ದಿನ ಹಿಂದಿನ ಗೋಡೆ ಪೂರ್ತಿ ಮಲಗಿತು. ಆ ವರ್ಷ, 2019ರಲ್ಲಿ, ಪೂರ್ತಿ ಬಿದ್ದ ಮನೆಗೆ ಪರಿಹಾರ 5 ಲಕ್ಷ, ‘ಸಿ’ಗೆ 50 ಸಾವಿರ. ತಿದ್ದಿಸಲು ಅವರು ಅಲೆದದ್ದಕ್ಕೆ ಲೆಕ್ಕವಿಲ್ಲ. ಈಗ ನಾವು ಕೆಸರು ತೆಗೆಯುವ ಮುಂಚೆ ನೀರಿನ ಗುರುತು ಕಾಣುವ ಹಾಗೆ ಪ್ರತಿ ಗೋಡೆಯ ಫೋಟೋ ತೆಗೆಯುತ್ತೇವೆ, ಬಿರುಕು ಕಂಡ ಮನೆಯಲ್ಲಿ ಮಲಗುವುದಿಲ್ಲ. ಒಲೆಯ ಸಂದಿಯಲ್ಲಿ ಹಾವು ಇರುತ್ತದೆ. ಕೈ ಹಾಕುವ ಮುಂಚೆ ಕೋಲು ಹಾಕಬೇಕು.

ಸಹಾಯಕ್ಕೆ ಬರುತ್ತೇನೆ ಅಂದಿರಲ್ಲ, ಹಳೆ ಬಟ್ಟೆ ಮಾತ್ರ ಬೇಡ, 2019ರಲ್ಲಿ ಬಂದ ಗಂಟುಗಳೇ ಬಿಚ್ಚದೆ ಉಳಿದಿದ್ದವು. ಒಂದು ಟ್ರಾಲಿ ಒಣ ಕಣಿಕಿ (ಜೋಳದ ದಂಟಿನ ಮೇವು) ತನ್ನಿ. ಹೊಳೆ ಹೊಕ್ಕ ಕಬ್ಬಿನ ಎಲೆಗೆ ರಾಡಿ ಮೆತ್ತಿರುತ್ತದೆ, ದನ ಮೂಸಿಯೂ ನೋಡುವುದಿಲ್ಲ. ಕಲ್ಲೋಳ–ಯಡೂರ ಸೇತುವೆ ಮುಳುಗಿದ್ದರೆ ದೂರದ ಸುತ್ತು, ಹೊರಡುವ ಮುಂಚೆ ಒಂದು ಫೋನ್ ಮಾಡಿ.